ಶೂನ್ಯದ ಎಣಿಕೆ: ಕೋಲಾರದ ಗಣಿಯಿಂದ ಘರ್ಷಣಾಯಂತ್ರದವರೆಗೆ

ಹೊಸದುರ್ಗದ ಸೀಮೆಯನ್ನು ಹಾದು ಹಿರಿಯೂರಿನ ಕಡೆಗೆ ಹರಿಯುವ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ಜಲಾಶಯವು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ ಎಂಬತ್ತೆಂಟು ವರ್ಷಗಳಲ್ಲಿ ಅದು ಒಮ್ಮೆಯೂ ತುಂಬಿ ಹರಿಯಲಿಲ್ಲವೆಂದು ನಾವು ನಿಸ್ಸಂಶಯವಾಗಿ ಹೇಳಬಲ್ಲೆವು. ಏಕೆಂದರೆ, ವರ್ಷವರ್ಷವೂ ನೀರಿನ ಮಟ್ಟವನ್ನು ನೋಡುವವರಿದ್ದರು. ನೋಡುವವರಿಲ್ಲದಿದ್ದರೆ ಆ ಶೂನ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಘಟನೆಗಳ ಸಂಖ್ಯೆಯೊಡನೆ ಅವುಗಳಿಗೆ ದೊರೆತ ಅವಕಾಶದ ಪ್ರಮಾಣವನ್ನೂ ಅಳೆಯಬೇಕೆಂಬ ಈ ತತ್ತ್ವವು ಆಧುನಿಕ ಕಣವಿಜ್ಞಾನದ ಇತಿಹಾಸದಲ್ಲಿ ಹೇಗೆ ನೆಲೆಗೊಂಡಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಇತಿಹಾಸದ ಒಂದು ಮುಖ್ಯ ಅಧ್ಯಾಯವು ನಮ್ಮ ನಾಡಿನಲ್ಲಿಯೇ ನಡೆಯಿತು. ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಿಳಿದು, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸತೊಡಗಿದರು. ಆಳಕ್ಕೆ ಹೋದಂತೆಲ್ಲ ಬಂಡೆಯು ಈ ಕಣಗಳನ್ನು ತಡೆಯುತ್ತದೆ, ಎಣಿಕೆ ಇಳಿಯುತ್ತದೆ. 1960ರ ದಶಕದ ಆದಿಯಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಇವರು ಇನ್ನೂ ಆಳದಲ್ಲಿ ಉಪಕರಣಗಳನ್ನಿಟ್ಟರು. ಅತ್ಯಂತ ಆಳದ ನೆಲೆಯಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ.

ಇದನ್ನು ವೈಫಲ್ಯವೆಂದು ತಿಳಿಯಲಾಗದು. ಉಪಕರಣದ ವಿಸ್ತೀರ್ಣ, ಅದು ಎಚ್ಚರದಿಂದಿದ್ದ ಅವಧಿ, ಮೇಲಿದ್ದ ಬಂಡೆಯ ಭಾರ ಇವು ಮೂರೂ ಗೊತ್ತಿದ್ದುದರಿಂದ ಆ ಶೂನ್ಯವೇ ಒಂದು ಅಳತೆಯಾಯಿತು. ಮೇಲಿನಿಂದ ಬರುವ ಕಣಗಳ ಗದ್ದಲವಿಲ್ಲದ ಇಂತಹ ತಾಣದಲ್ಲಿ, ಬಂಡೆಯೊಡನೆ ಅತಿ ವಿರಳವಾಗಿ ಘರ್ಷಿಸುವ ನ್ಯೂಟ್ರಿನೊಗಳ ಕುರುಹನ್ನು ಗುರುತಿಸಬಹುದೆಂಬ ಧೈರ್ಯವು ಅದರಿಂದ ಮೂಡಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರು ಕೆಳಗೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಘರ್ಷಣೆಗಳನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವೂ ಇಂತಹ ಘರ್ಷಣೆಗಳನ್ನು ಗುರುತಿಸಿತು.

ಗಣಿಯಲ್ಲಿ ಘರ್ಷಣೆಯ ಅವಕಾಶವನ್ನು ಪ್ರಕೃತಿ ಒದಗಿಸುತ್ತಿತ್ತು. ಘರ್ಷಣಾಯಂತ್ರದಲ್ಲಿ ಅದನ್ನು ಮನುಷ್ಯನೇ ಸೃಷ್ಟಿಸುತ್ತಾನೆ. ಆದುದರಿಂದ ಅಳೆಯುವ ಹೊಣೆಯೂ ಅವನದೇ. ಎದುರುಬದುರಾಗಿ ಸಾಗುವ ಎರಡು ಕಣಪ್ರವಾಹಗಳು ಎಷ್ಟು ಸಾಂದ್ರವಾಗಿ ಒಂದರೊಳಗೊಂದು ಹಾಯುತ್ತವೆಂಬುದನ್ನು ಸೂಚಿಸುವ ಪ್ರಮಾಣಕ್ಕೆ ‘ಲ್ಯುಮಿನಾಸಿಟಿ’ ಎಂದು ಹೆಸರು. ಇದನ್ನು ಒಂದು ಘಟನೆಯ ಸಹಜ ಸಂಭಾವ್ಯತೆಯಿಂದ ಗುಣಿಸಿದರೆ ಸೆಕೆಂಡಿಗೆ ಅಂತಹ ಘಟನೆಗಳೆಷ್ಟೆಂಬುದು ದೊರೆಯುತ್ತದೆ. ಆದರೆ ಕೂದಲೆಳೆಯಷ್ಟು ತೆಳುವಾದ ಪ್ರವಾಹಗಳ ಗಾತ್ರವನ್ನು ಅಳೆಯುವುದು ಹೇಗೆ? 1968ರಲ್ಲಿ, ಯುರೋಪಿನ ಸರ್ನ್ ಸಂಸ್ಥೆಯಲ್ಲಿ, ಸೈಮನ್ ವಾನ್ ಡರ್ ಮೇರ್ ಸರಳವಾದ ಉಪಾಯವೊಂದನ್ನು ಸೂಚಿಸಿದರು. ಒಂದು ಪ್ರವಾಹವನ್ನು ಇನ್ನೊಂದರಿಂದ ಸ್ವಲ್ಪಸ್ವಲ್ಪವಾಗಿ ಸರಿಸುತ್ತ, ಘರ್ಷಣೆಗಳು ಇಳಿಯುವ ಬಗೆಯನ್ನು ಗುರುತಿಸಬೇಕು. ಆ ಇಳಿತವೇ ಪ್ರವಾಹಗಳ ಗಾತ್ರವನ್ನು ತಿಳಿಸುತ್ತದೆ. 1971ರಲ್ಲಿ ಅಲ್ಲಿಯೇ ಮೊದಲ ಪ್ರೋಟಾನ್ ಘರ್ಷಣಾಯಂತ್ರವು ಕೆಲಸಕ್ಕೆ ತೊಡಗಿತು. ಇಂದಿನ ಬೃಹತ್ ಯಂತ್ರದಲ್ಲಿಯೂ ಈ ಕ್ರಮವೇ ಅಳತೆಯ ಆಧಾರವಾಗಿದೆ. 2012ರಲ್ಲಿ ಹಿಗ್ಸ್ ಕಣವನ್ನು ಪ್ರಕಟಿಸಿದಾಗ, ಅದು ಸಿದ್ಧಾಂತವು ಹೇಳಿದ ಪ್ರಮಾಣದಲ್ಲಿಯೇ ಹುಟ್ಟುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೂ ಈ ಅಳತೆಯೇ ಬೇಕಾಯಿತು.

ಎಣಿಕೆ ಎಷ್ಟು ಅಪಾಯಕರವಾದುದೆಂಬುದಕ್ಕೆ ಕೋಲಾರವೇ ಇನ್ನೊಂದು ನಿದರ್ಶನ. 1980ರಲ್ಲಿ, ಸುಮಾರು 140 ಟನ್ ತೂಕದ ಉಪಕರಣದಿಂದ, ಪ್ರೋಟಾನ್ ನಶಿಸುವುದೇ ಎಂಬ ಶೋಧ ಅಲ್ಲಿ ಆರಂಭವಾಯಿತು. ಪ್ರೋಟಾನಿನ ನಾಶವನ್ನು ಹೋಲುವ ಕೆಲವು ಘಟನೆಗಳನ್ನು ವಿಜ್ಞಾನಿಗಳು ವರದಿಮಾಡಿದರು. ಆದರೆ ಉಪಕರಣದೊಳಗೆ ನಡೆಯುವ ನ್ಯೂಟ್ರಿನೊ ಘರ್ಷಣೆಯೂ ಕೆಲವೊಮ್ಮೆ ಅದೇ ರೂಪವನ್ನು ತಾಳಬಲ್ಲದು. ಅಮೆರಿಕ ಮತ್ತು ಜಪಾನುಗಳ ಗಣಿಗಳಲ್ಲಿ ಸಾವಿರಾರು ಟನ್ ನೀರನ್ನು ಕಾದು ಕುಳಿತ ಉಪಕರಣಗಳು ಆ ನಾಶವನ್ನು ಕಾಣಲಿಲ್ಲ. ಹೆಚ್ಚಿನ ಅವಕಾಶದಲ್ಲಿ ದೊರೆತ ಶೂನ್ಯವು ಕಡಿಮೆ ಅವಕಾಶದ ಕೆಲವು ಎಣಿಕೆಗಳಿಗಿಂತ ಬಲವಾದ ಸಾಕ್ಷ್ಯವಾಯಿತು. ಆದರೂ ಕೋಲಾರದವರು ತಮ್ಮ ಘಟನೆಗಳನ್ನು ಬಚ್ಚಿಡದೆ ಪರೀಕ್ಷೆಗೆ ಒಡ್ಡಿದುದು ಅವರ ಹಿರಿಮೆಯೇ ಸರಿ. 2001ರಲ್ಲಿ ಗಣಿಗಳೇ ಮುಚ್ಚಿದವು.

ಇತಿಹಾಸದ ವಿದ್ಯಾರ್ಥಿಗೂ ಇದರಲ್ಲಿ ಪಾಠವುಂಟು. ಹೊಳಲ್ಕೆರೆ ಸೀಮೆಯ ಒಂದು ಊರಿನಲ್ಲಿ ಶಾಸನಗಳಿಲ್ಲವೆಂದು ನಾವು ಬರೆಯುವಾಗ, ಅಲ್ಲಿ ಹುಡುಕಿದವರಾರು, ಎಷ್ಟು ದಿನ ಹುಡುಕಿದರು, ಯಾವ ಹೊಲಗಳನ್ನು ಬಿಟ್ಟರು ಎಂಬುದನ್ನೂ ಬರೆಯುವುದು ನಮ್ಮ ಕರ್ತವ್ಯ. ಹುಡುಕಿದ ಅಳತೆಯನ್ನು ಹೇಳದ ‘ಇಲ್ಲ’ವು ಸಾಕ್ಷ್ಯವಲ್ಲ; ಅದು ಕೇವಲ ಮೌನ.