ತಾಯಿಯ ತಟ್ಟೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಮಿತಿಮೀರಿ ಉಂಡವನೇ ತನ್ನ ರೋಗಕ್ಕೆ ಹೊಣೆ ಎಂಬುದು ನನ್ನ ವ್ಯಾಖ್ಯಾನವಾಗಿತ್ತು. ಅದು ಅರ್ಧಸತ್ಯವೆಂಬುದನ್ನು ಇತಿಹಾಸ ನನಗೆ ಕಲಿಸಿತು.

1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲ್ವೆ ನೌಕರರು ಆಕ್ರಮಿತ ನಾಡಿನಲ್ಲಿ ಮುಷ್ಕರ ಹೂಡಿದರು. ಪ್ರತೀಕಾರವಾಗಿ ಜರ್ಮನರು ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆದರು. ಚಳಿಗೆ ಕಾಲುವೆಗಳೂ ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡ್ಯಾಮಿನಲ್ಲಿ ದಿನದ ಪಡಿತರ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆ ದೊರೆಯಿತು. ಮುಂದೆ ಸಮೃದ್ಧಿಯೂ ಬಂದಿತು. ಆದರೆ ಆ ಕ್ಷಾಮದಲ್ಲಿ ಗರ್ಭಸ್ಥರಾಗಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಶಕ್ತಿ ಅವರಲ್ಲಿ ಕುಂದಿರುವುದು ಕಂಡಿತು.

ನಮ್ಮ ಮೈಸೂರಿನ ಸಾಕ್ಷ್ಯವೂ ಉಂಟು. ಇಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ಅವರಲ್ಲಿ 517 ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮತ್ತು ಅದಕ್ಕೂ ಹೆಚ್ಚು ತೂಗಿದವರಲ್ಲಿ 3 ಮಂದಿಗೆ ಮಾತ್ರ.

ಅತಿಯಾದ ಊಟ ಯಾರಿಗೂ ಹಿತವಲ್ಲ, ನಿಜ. ಆದರೆ ಗರ್ಭದಲ್ಲಿಯೇ ಕೊರತೆಗೆ ಹೊಂದಿಕೊಂಡ ದೇಹಕ್ಕೆ ತುಂಬಿದ ಎಲೆ ಇನ್ನಷ್ಟು ಭಾರವಾಗುತ್ತದೆ.

ಗಾದೆ ಸುಳ್ಳಲ್ಲ. ಆದರೆ ಊಟ ಬಲ್ಲವನಾಗುವ ಮೊದಲೇ ಮನುಷ್ಯ ತಾಯಿಯ ತಟ್ಟೆಯಿಂದ ಉಂಡಿರುತ್ತಾನೆ. ಆ ತಟ್ಟೆ ಬರಿದಾಗಿದ್ದರೆ, ಮಗನ ರೋಗಕ್ಕೆ ಮಗನೊಬ್ಬನನ್ನೇ ದೂರುವುದು ನ್ಯಾಯವೇ?