ವಾಲಿಯ ಪ್ರಶ್ನೆ, ರಾಮನ ಉತ್ತರ: ಕಸುಬಿನ ಪುಸ್ತಕ ಕಟ್ಟುವ ಬಗೆ

ಶರವಣಂಪಟ್ಟಿಯಿಂದ ಸೇರಿರೋ ನಿಮ್ಮಲ್ಲಿ ಗೇಮ್‌ಗೆ ಕಥೆ ಬರೆಯೋರೇ ಹೆಚ್ಚು. ಓದುಗನೇ ಮುಂದಿನ ಹೆಜ್ಜೆ ಆರಿಸುವ ಇಂಥ ಕಥೆಗಳ ಕಸುಬಿನ ಬಗ್ಗೆ ಹಲವರು ಸೇರಿ ಬರೆದ ‘ಐಎಫ್ ಥಿಯರಿ ರೀಡರ್’ 2011ರಲ್ಲಿ ಬಂತು. ಸಂಪಾದಕರು ಕೆವಿನ್ ಜಾಕ್ಸನ್-ಮೀಡ್, ಜೆ. ರಾಬಿನ್ಸನ್ ವೀಲರ್. ನಾನು ಅದನ್ನಿಟ್ಟುಕೊಂಡು ನೋಡ್ತಿರೋದು ಕಾಸರಗೋಡಿನ ತಾಳಮದ್ದಳೆಯನ್ನು.

ಅಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಮಾತು ಮಾತ್ರ ಆಶು. ವಾಲಿ ಏನು ಕೇಳ್ತಾನೋ ರಾಮನ ಅರ್ಥಧಾರಿಗೆ ಗೊತ್ತಿರಲ್ಲ. ಆದರೂ ಉತ್ತರ ಕೊಟ್ಟು ಮುಂದಿನ ಪದ್ಯಕ್ಕೆ ದಾರಿ ಬಿಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರಾದದ್ದು ಇಂಥ ವಾದದಲ್ಲೇ. ಧ್ವನಿಮುದ್ರಣದಲ್ಲಿ ಆಡಿದ ಮಾತು ಉಳಿಯುತ್ತೆ, ಬೇಕೆಂದೇ ಬಿಟ್ಟ ಮಾತು ಉಳಿಯಲ್ಲ. ಅದಕ್ಕೇ ಹಿರಿಯ ಅರ್ಥಧಾರಿಗಳು ಇರುವಾಗಲೇ ರಾಮ, ವಾಲಿ, ಭಾಗವತ ಮೂವರಿಂದಲೂ ಒಂದೇ ಪ್ರಸಂಗದ ಬಗ್ಗೆ ಬರೆಸಬೇಕು. ಒಬ್ಬರೇ ಬರೆದರೆ ಎದುರಾಳಿಯ ಲೆಕ್ಕಾಚಾರ ತಪ್ಪಿಹೋಗುತ್ತೆ.