ಖಾತೆಯೇ ಬೇರೆ, ಹಕ್ಕೇ ಬೇರೆ: ಆಸ್ತಿಗೆ ಹಣ ಹೂಡುವ ಮುನ್ನ

ಜೀವಮಾನದ ಉಳಿತಾಯವನ್ನು ನಿವೇಶನಕ್ಕೆ ಹಾಕಿದ ಅನೇಕರು ‘ಕಾಗದಪತ್ರ ಎಲ್ಲವೂ ಸರಿಯಾಗಿದೆ’ ಎಂದು ನಿಶ್ಚಿಂತರಾಗಿರುತ್ತಾರೆ. ಆದರೆ ಯಾವ ಪತ್ರ ಏನನ್ನು ರುಜುವಾತುಪಡಿಸುತ್ತದೆ ಎಂಬುದು ಅವರಿಗೆ ಮನವರಿಕೆಯಾಗುವುದು ಬಹುತೇಕ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದ ನಂತರವೇ. ಕರ್ನಾಟಕದಲ್ಲಿ ಆಸ್ತಿ ಖರೀದಿಸುವವರು ಅರಿತಿರಬೇಕಾದ ಕೆಲವು ಮುಖ್ಯ ವ್ಯತ್ಯಾಸಗಳು ಇಲ್ಲಿವೆ.

ಕರಾರು ಮತ್ತು ಕ್ರಯಪತ್ರ
ಮುಂಗಡ ನೀಡಿ ಮಾಡಿಕೊಳ್ಳುವ ಮಾರಾಟದ ಕರಾರು ಆಸ್ತಿಯ ಮೇಲೆ ಯಾವ ಹಕ್ಕನ್ನೂ ಸೃಷ್ಟಿಸುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಸ್ಪಷ್ಟಪಡಿಸುತ್ತದೆ. ಮಾರಾಟಗಾರ ಮಾತು ತಪ್ಪಿದರೆ ಕರಾರಿನ ಪಾಲನೆಗಾಗಿ ದಾವೆ ಹೂಡಬಹುದು. ಅದಕ್ಕೆ ಕಾಲಮಿತಿ 3 ವರ್ಷ. ಮಾರಾಟದಿಂದ ಮಾಲೀಕತ್ವ ಬರುವುದು ನೋಂದಾಯಿತ ಕ್ರಯಪತ್ರದಿಂದ ಮಾತ್ರ.

ಜಿಪಿಎ ಮಾರಾಟ
ಮುದ್ರಾಂಕ ಶುಲ್ಕ ಉಳಿಸುವ ಆಸೆಯಿಂದ ಅಧಿಕಾರಪತ್ರ, ಕರಾರು ಹಾಗೂ ಉಯಿಲು ಬರೆಸಿಕೊಂಡು ಸ್ವಾಧೀನ ಪಡೆಯುವ ರೂಢಿ ಹಳೆಯದು. ಇಂತಹ ವ್ಯವಹಾರದಿಂದ ಮಾಲೀಕತ್ವ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಮಾಲೀಕರ ಪರವಾಗಿ ಸಹಿ ಹಾಕಲು ನೀಡುವ ನೈಜ ಅಧಿಕಾರಪತ್ರಕ್ಕೆ ಇದರಿಂದ ಬಾಧಕವಿಲ್ಲ.

ಖಾತೆ ಮತ್ತು ಹಕ್ಕು
ಖಾತೆಯು ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. ಖಾತೆ ಹೆಸರಿಗಾದ ಮಾತ್ರಕ್ಕೆ ಒಡೆತನ ಸಿದ್ಧಿಸದು. ಬೆಂಗಳೂರಿನಲ್ಲಿ ಬಳಕೆಗೆ ಬಂದ ‘ಬಿ’ ಖಾತೆ, ನಿಯಮಬಾಹಿರ ಸ್ವತ್ತುಗಳಿಂದಲೂ ತೆರಿಗೆ ಪಡೆಯಲು ಇಟ್ಟ ಪ್ರತ್ಯೇಕ ವಹಿಯಿಂದ ಹುಟ್ಟಿದ್ದು. ತೆರಿಗೆ ಕಟ್ಟಿದ ರಸೀದಿಯಿಂದ ಬಡಾವಣೆ ಸಕ್ರಮವಾಗುವುದಿಲ್ಲ.

ಋಣಭಾರ ಪತ್ರದ ಮಿತಿ
ಉಪನೋಂದಣಾಧಿಕಾರಿ ಕಚೇರಿ ನೀಡುವ ಋಣಭಾರ ಪತ್ರದಲ್ಲಿ ನೀವು ಕೇಳಿದ ಅವಧಿಯ ನೋಂದಾಯಿತ ವ್ಯವಹಾರಗಳಷ್ಟೇ ಕಾಣುತ್ತವೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಕುಟುಂಬ ವಿಭಾಗ, ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಆದ್ದರಿಂದಲೇ ವಕೀಲರು ಮೂಲಪತ್ರಗಳ ಸರಪಳಿಯನ್ನೂ, ವಂಶವೃಕ್ಷವನ್ನೂ ಕೇಳುತ್ತಾರೆ.

ಕೃಷಿ ಭೂಮಿ ಮತ್ತು ನಿವೇಶನ
2020ರ ಭೂಸುಧಾರಣಾ ತಿದ್ದುಪಡಿಯು ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳಲು ಅವಕಾಶ ನೀಡಿತು. ಆದರೆ ಕೊಳ್ಳುವ ಅವಕಾಶವೇ ಬೇರೆ, ಮನೆ ಕಟ್ಟುವ ಅನುಮತಿಯೇ ಬೇರೆ. ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ ಆಗಬೇಕು. ಪರಿವರ್ತನೆಯಾದ ಮೇಲೂ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಪ್ರತ್ಯೇಕವಾಗಿ ಬೇಕು. ‘ರೆವಿನ್ಯೂ ಸೈಟು’ ಕೊಂಡವರು ಎಡವುವುದು ಇಲ್ಲಿಯೇ.

ಮಂಜೂರಾದ ಜಮೀನು
ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆಯನ್ವಯ ಅಂತಹ ಮಾರಾಟ ಅಸಿಂಧು. ಜಮೀನು ಮರಳಿಸುವಂತೆ ಕೋರಲು ಕಾಲಮಿತಿಯ ಅಡ್ಡಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಪಹಣಿಯ ಜತೆಗೆ ಮಂಜೂರಾತಿ ಕಡತ ಪರಿಶೀಲಿಸುವುದು ಅನಿವಾರ್ಯ.

ಫ್ಲ್ಯಾಟಿನ ಅಳತೆ
2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ವಿಸ್ತೀರ್ಣವೆಂದರೆ ಮನೆಯೊಳಗಿನ ಬಳಕೆಯ ನೆಲ. ಒಳಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಮೆಟ್ಟಿಲು, ಲಿಫ್ಟ್, ಮೊಗಸಾಲೆಯ ಪಾಲನ್ನೂ ಕೂಡಿಸಿ ಹೇಳುವ ‘ಸೂಪರ್ ಬಿಲ್ಟ್‌ಅಪ್’ ಅಂಕಿಯನ್ನು ನಂಬಿ ದರ ಹೋಲಿಸಿದರೆ ನಷ್ಟ ಖಚಿತ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಒಟ್ಟಿನಲ್ಲಿ ಮುಂಗಡ ಕೊಟ್ಟು ಕಾಗದ ಹುಡುಕುವುದಲ್ಲ, ಕಾಗದ ನೋಡಿ ಮುಂಗಡ ಕೊಡುವುದು ಕ್ಷೇಮ. ಮಧ್ಯವರ್ತಿ ಸೂಚಿಸಿದ ವಕೀಲರಿಗಿಂತ ತಾವೇ ಆರಿಸಿದ ವಕೀಲರಿಂದ ಅಭಿಪ್ರಾಯ ಪಡೆಯಲು ತಗಲುವ ಶುಲ್ಕ, ಮುಂದಿನ ವ್ಯಾಜ್ಯದ ವೆಚ್ಚಕ್ಕೆ ಹೋಲಿಸಿದರೆ ಅತ್ಯಲ್ಪ.